ಹಲಸೂರಿನಲ್ಲಿ ಇಂಗ್ಲಿಷ್ ಎಂ.ಎ.

ಆರ್. ಕೆ. ನಾರಾಯಣರು ತಮ್ಮ ಆತ್ಮಕಥನದಲ್ಲಿ ಒಂದು ಸಣ್ಣ ಪ್ರಸಂಗವನ್ನು ಹೇಳಿಕೊಂಡಿದ್ದಾರೆ. ೧೯೩೦ರಲ್ಲಿ ಮೈಸೂರಿನಲ್ಲಿ ಬಿ.ಎ. ಮುಗಿಸಿದ ಅವರಿಗೆ ಮುಂದೆ ಎಂ.ಎ. ಓದುವ ಮನಸ್ಸಿತ್ತು. ಅಷ್ಟರಲ್ಲಿ ಗೆಳೆಯರೊಬ್ಬರು ಅಡ್ಡ ಬಂದು, ಎಂ.ಎ. ಮಾಡಿದರೆ ಸಾಹಿತ್ಯದ ಮೇಲಿನ ಪ್ರೀತಿಯೇ ಸತ್ತುಹೋದೀತೆಂದು ಎಚ್ಚರಿಸಿದರಂತೆ. ನಾರಾಯಣರು ಆ ಮಾತನ್ನು ಒಪ್ಪಿಕೊಂಡರು, ಎಂ.ಎ.ಯ ಯೋಚನೆಯನ್ನು ಬಿಟ್ಟರು. ೧೯೩೫ರಲ್ಲಿ ಅವರ ಮೊದಲ ಕಾದಂಬರಿ ಬಂದಿತು. ೧೯೪೫ರಲ್ಲಿ ಪ್ರಕಟವಾದ ‘ದಿ ಇಂಗ್ಲಿಷ್ ಟೀಚರ್’ ಕಾದಂಬರಿಯ ನಾಯಕ ಕೃಷ್ಣ, ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಉಪನ್ಯಾಸಕ. ಅವನು ಕಡೆಗೆ ಆ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಚಿಕ್ಕ ಮಕ್ಕಳ ಶಾಲೆಯೊಂದಕ್ಕೆ ಹೋಗಿ ಸೇರುತ್ತಾನೆ. ಮೆಟ್ಟಲಿನ ಮೇಲೆ ಗೆಳೆಯ ಆಡಿದ ಮಾತು ನಾರಾಯಣರ ಮನಸ್ಸಿನಲ್ಲಿ ಬಹುಕಾಲ ನಿಂತಿದ್ದಿರಬೇಕು.

ಆ ಗೆಳೆಯ ಹೇಳಿದ್ದು ನಿಜವೆ? ನಿಜವಾದರೆ ಮಾಸ್ತಿಯವರು ಕಥೆ ಬರೆಯಬಾರದಾಗಿತ್ತು. ಅವರು ೧೯೧೪ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಸಾಹಿತ್ಯದ ಎಂ.ಎ. ಮಾಡಿದವರು. ಬಿ. ಎಂ. ಶ್ರೀಕಂಠಯ್ಯನವರು ಕವಿತೆಗೆ ಕೈಹಾಕಬಾರದಾಗಿತ್ತು. ಅವರು ಇಂಗ್ಲಿಷ್ ಎಂ.ಎ. ಮಾಡಿದ್ದಲ್ಲದೆ ಜೀವಮಾನವೆಲ್ಲ ಇಂಗ್ಲಿಷ್ ಪಾಠ ಹೇಳಿದವರು. ಎ. ಕೆ. ರಾಮಾನುಜನ್, ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್, ಎಚ್. ಎಸ್. ಶಿವಪ್ರಕಾಶ್—ಪಟ್ಟಿಯನ್ನು ಇನ್ನೂ ಬೆಳೆಸಬಹುದು. ಎಂ.ಎ. ಇವರ ಪ್ರೀತಿಯನ್ನು ಕೊಲ್ಲಲಿಲ್ಲ. ಹಾಗೆಂದು ಗೆಳೆಯನ ಮಾತನ್ನು ತಳ್ಳಿಹಾಕುವಂತೆಯೂ ಇಲ್ಲ, ಎಂ.ಎ. ಮುಗಿಸಿದ ಮರುದಿನದಿಂದ ಒಂದು ಕವಿತೆಯನ್ನೂ ಓದದವರನ್ನು ನಾವೆಲ್ಲ ಬಲ್ಲೆವು. ಒಂದೇ ವ್ಯಾಸಂಗ ಒಬ್ಬರನ್ನು ಬೆಳೆಸಿ ಇನ್ನೊಬ್ಬರನ್ನು ಒಣಗಿಸುವುದೇಕೆ? ಹಲವು ವರ್ಷ ಇಂಗ್ಲಿಷ್ ಕಲಿಸಿ, ಈಗ ಹಲಸೂರಿನಲ್ಲಿ ಕುಳಿತು, ಪ್ರಬಂಧ ತೋರಿಸಲು ಬರುವ ಹುಡುಗ ಹುಡುಗಿಯರೊಡನೆ ಮಾತಾಡುತ್ತಿರುವ ನನಗೆ ಈ ಪ್ರಶ್ನೆಗೆ ಒಂದು ಉತ್ತರ ತೋರಿದೆ. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಚರಿತ್ರೆ. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆಂದೇ ಒಂದು ವಿಭಾಗ ಏರ್ಪಟ್ಟದ್ದು ೧೮೯೪ರಲ್ಲಿ; ಕೇಂಬ್ರಿಜ್ಜಿನಲ್ಲಿ ೧೯೧೭ರಲ್ಲಿ. ಅಷ್ಟು ಹೊತ್ತಿಗೆ ಭಾರತದ ಕಾಲೇಜುಗಳಲ್ಲಿ ಷೇಕ್ಸ್‌ಪಿಯರನನ್ನೂ ಮಿಲ್ಟನ್ನನನ್ನೂ ಪರೀಕ್ಷೆಗಾಗಿ ಓದುವುದು ಹಳೆಯ ರೂಢಿಯಾಗಿತ್ತು. ಮದರಾಸ್ ವಿಶ್ವವಿದ್ಯಾನಿಲಯ ಹುಟ್ಟಿದ್ದು ೧೮೫೭ರಲ್ಲಿ. ನಮ್ಮ ಸೆಂಟ್ರಲ್ ಕಾಲೇಜು ಅದಕ್ಕೆ ಸೇರಿತ್ತು. ಬೆಂಗಳೂರಿನ ಹುಡುಗ ಎಂ.ಎ. ಪದವಿಗೆ ಮದರಾಸಿನ ಕಡೆಗೆ ನೋಡಬೇಕಾಗಿತ್ತು. ೧೯೧೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಬಂದಿತು. ಆದರೆ ಅಲ್ಲಿಯೂ ಕನ್ನಡದಲ್ಲಿ ಎಂ.ಎ. ತರಗತಿ ಆರಂಭವಾದದ್ದು ೧೯೨೭ರಲ್ಲಿ. ಕುವೆಂಪು ಅವರು ಆ ಮೊದಲ ತಂಡದವರು. ಕನ್ನಡ ನಾಡಿನಲ್ಲಿ ಕನ್ನಡವನ್ನು ಎಂ.ಎ.ಗೆ ಓದುವುದಕ್ಕೆ ಮೊದಲೇ ಇಂಗ್ಲಿಷನ್ನು ಓದಿದ ತಲೆಮಾರುಗಳು ಆಗಿಹೋಗಿದ್ದುವು ಎಂಬುದನ್ನು ಇಲ್ಲಿ ನೆನಪಿಡಬೇಕು. ೧೯೬೪ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ, ವಿನಾಯಕ ಕೃಷ್ಣ ಗೋಕಾಕರು ೧೯೬೬ರಲ್ಲಿ ಅದರ ಕುಲಪತಿಗಳಾದರು. ಅವರೂ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದ ಕನ್ನಡ ಕವಿ.

ಹೀಗೆ ಇಂಗ್ಲಿಷ್ ಎಂ.ಎ. ನಮ್ಮಲ್ಲಿ ಒಂದು ಬಗೆಯ ಹಿರಿಯಣ್ಣ. ಹಿರಿಯಣ್ಣನ ದರ್ಪವೂ ಅದಕ್ಕುಂಟು. ಆದರೆ ಮೇಲೆ ಹೆಸರಿಸಿದ ಮಹನೀಯರಲ್ಲಿ ಒಂದು ಸಮಾನ ಗುಣ ಕಾಣುತ್ತದೆ: ಅವರು ಇಂಗ್ಲಿಷ್ ಸಾಹಿತ್ಯವನ್ನು ಓದುವಾಗ ತಮ್ಮ ಕಿವಿಯನ್ನು ಹೊರಗೆ ಬಿಟ್ಟು ತರಗತಿಗೆ ಹೋಗಲಿಲ್ಲ.

ಶ್ರೀಯವರನ್ನೇ ನೋಡೋಣ. ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ನಾವು ಸಾಮಾನ್ಯವಾಗಿ ಅನುವಾದವೆಂದೂ, ನವೋದಯಕ್ಕೆ ನಾಂದಿಯೆಂದೂ ಹೊಗಳಿ ಮುಂದೆ ಹೋಗುತ್ತೇವೆ. ಅದು ಮೊದಲಿಗೆ ಒಂದು ವಿಮರ್ಶೆಯ ಗ್ರಂಥ ಎಂದು ನನ್ನ ಅಭಿಪ್ರಾಯ. ಇಂಗ್ಲಿಷ್ ಭಾವಗೀತೆಯಲ್ಲಿ ಜೀವ ಎಲ್ಲಿದೆ, ಕನ್ನಡ ಛಂದಸ್ಸಿನಲ್ಲಿ ಯಾವುದು ಎಲುಬು, ಯಾವುದು ಬರಿಯ ಒಡವೆ—ಈ ಎರಡು ಪ್ರಶ್ನೆಗಳಿಗೂ ಉತ್ತರ ಕಂಡುಕೊಳ್ಳದೆ ಅದನ್ನು ಬರೆಯುವಂತೆಯೇ ಇರಲಿಲ್ಲ. ಸಾಲಿನ ಎರಡನೆಯ ಅಕ್ಷರದ ಪ್ರಾಸ ನಮ್ಮಲ್ಲಿ ಶತಮಾನಗಳ ಕಟ್ಟಳೆ. ಮಂಜೇಶ್ವರದ ಗೋವಿಂದ ಪೈಗಳು ೧೯೧೧ರಷ್ಟು ಹಿಂದೆಯೇ ಅದನ್ನು ಬಿಟ್ಟು ಬರೆದಿದ್ದರು. ಶ್ರೀಯವರೂ ಬಿಟ್ಟರು, ಬಿಟ್ಟು, ಮಾತ್ರಾಗಣಗಳನ್ನು ಹೊಸ ರೀತಿಯಲ್ಲಿ ಮುರಿದು ಜೋಡಿಸಿ, ಸಣ್ಣ ಸಾಲು ದೊಡ್ಡ ಸಾಲುಗಳ ಹೊಸ ಪದ್ಯಬಂಧಗಳನ್ನು ಕಟ್ಟಿದರು. ತಾಮಸ್ ಹುಡ್ ಕವಿಯ ಕವಿತೆ ‘ದುಃಖಸೇತು’ವಾದಾಗ, ಹೊಳೆಗೆ ಬಿದ್ದು ಸತ್ತ ಅನಾಥೆಯ ಕಥೆಗೆ ಬೇಕಾದ ಚಿಕ್ಕ ಚಿಕ್ಕ ಉಸಿರು ಕನ್ನಡಕ್ಕೆ ಬಂದಿತು. ನ್ಯೂಮನ್ನನ ಪ್ರಾರ್ಥನೆಯಂತೂ ನಮ್ಮ ಶಾಲೆಗಳಲ್ಲಿ ಮಕ್ಕಳ ಬಾಯಲ್ಲಿ ನೆಲೆಸಿಬಿಟ್ಟಿದೆ. ಅದು ಇಂಗ್ಲೆಂಡಿನ ಪಾದ್ರಿಯೊಬ್ಬರ ಪದ್ಯವೆಂದು ಹಾಡುವವರಲ್ಲಿ ಅನೇಕರಿಗೆ ತಿಳಿಯದು. ತಿಳಿಯಬೇಕಾದ ಅಗತ್ಯವೂ ತೋರದು.

ಇದೇ ಶ್ರೀಯವರು ಗ್ರೀಕ್ ರುದ್ರನಾಟಕಕ್ಕೆ ಬಂದಾಗ ಬೇರೆ ದಾರಿ ಹಿಡಿದರು. ಸಾಫೊಕ್ಲೀಸನ ‘ಅಯಾಸ್’ ನಾಟಕವನ್ನು ಅವರು ೧೯೨೯ರಲ್ಲಿ ‘ಅಶ್ವತ್ಥಾಮನ್’ ಆಗಿ ಮಾಡಿದ್ದು ಹಳಗನ್ನಡದ ಗತ್ತಿನಲ್ಲಿ. ಮತಿಗೆಟ್ಟು ಶತ್ರುಗಳೆಂದು ದನಗಳನ್ನು ಕಡಿದ ಗ್ರೀಕ್ ವೀರನಿಗೂ, ಇರುಳಿನಲ್ಲಿ ಮಲಗಿದ್ದವರನ್ನು ಕೊಂದ ದ್ರೋಣನ ಮಗನಿಗೂ ಇರುವ ನಂಟನ್ನು ಕಂಡದ್ದು ಒಂದು ಸಾಧನೆ. ಆ ಅವಮಾನದ ಭಾರವನ್ನು ಹೊರಲು ಭಾವಗೀತೆಯ ಹಗುರಾದ ಹೊಸಗನ್ನಡ ಸಾಲದೆಂದು ಅರಿತದ್ದು ಇನ್ನೂ ದೊಡ್ಡದು. ಯಾವ ಕೃತಿಗೆ ಯಾವ ಕನ್ನಡ ಎಂಬ ಈ ವಿವೇಕವನ್ನು ಯಾವ ಇಂಗ್ಲಿಷ್ ವಿಮರ್ಶಕನೂ ಅವರಿಗೆ ಹೇಳಿಕೊಡಲಾರ. ಇಂಗ್ಲಿಷ್ ಓದಿನಿಂದ ಪ್ರಶ್ನೆ ಹುಟ್ಟಿತು. ಉತ್ತರ ಕನ್ನಡ ಕಿವಿಯಿಂದ ಬಂದಿತು.

ರಾಮಾನುಜನ್ನರದು ಇದಕ್ಕೆ ಎದುರು ದಿಕ್ಕಿನ ಪ್ರಯಾಣ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಅವರು ವಚನಗಳನ್ನು ಇಂಗ್ಲಿಷಿಗೆ ತಂದು ೧೯೭೩ರಲ್ಲಿ ‘ಸ್ಪೀಕಿಂಗ್ ಆಫ್ ಶಿವ’ವನ್ನು ಪ್ರಕಟಿಸಿದರು. ಅದಕ್ಕೆ ಅವರು ಬರೆದ ಪ್ರಸ್ತಾವನೆಯಲ್ಲಿ, ಒಂದು ವಚನವನ್ನು ಪ್ರತಿಮೆ ಪ್ರತಿಮೆಯಾಗಿ ಬಿಡಿಸಿ ನೋಡುವ ಕ್ರಮ ಇಂಗ್ಲಿಷ್ ತರಗತಿಯಲ್ಲಿ ಕಲಿತ ಕ್ರಮ. ಆದರೆ ವಚನ ಅವರ ಬೀದಿಯ ಭಾಷೆಯದು. ತಮ್ಮ ಮನೆಯ ವಿಚಾರವನ್ನು ಅವರು ಹೇಳಿರುವ ಬಗೆ ಸ್ವಾರಸ್ಯವಾಗಿದೆ: ಮಹಡಿಯ ಮೇಲೆ ತಂದೆಯ ಕೋಣೆಯಲ್ಲಿ ಇಂಗ್ಲಿಷು, ಕೆಳಗೆ ತಾಯಿಯ ಅಡಿಗೆಮನೆಯಲ್ಲಿ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ. ಮಾಸ್ತಿಯವರ ಮನೆಮಾತೂ ತಮಿಳೇ. ಕನ್ನಡ ಸಣ್ಣಕಥೆಯ ಹಿರಿಯರು ಮನೆಯಲ್ಲಿ ತಮಿಳಾಡಿ, ಕಾಲೇಜಿನಲ್ಲಿ ಇಂಗ್ಲಿಷ್ ಓದಿ, ಕನ್ನಡದಲ್ಲಿ ಬರೆದರು. ಭಾಷೆಗಳು ಒಂದನ್ನೊಂದು ತಿನ್ನುತ್ತವೆಯೆಂದು ಹೆದರುವವರು ಇವರಿಬ್ಬರನ್ನೂ ಒಮ್ಮೆ ನೆನೆಯುವುದೊಳ್ಳೆಯದು.

ಈಗ ನಮ್ಮ ಕಂಟೋನ್ಮೆಂಟಿಗೆ ಬರೋಣ. ರಾಮಾನುಜನ್ನರ ಮನೆಯ ಮೂರು ಅಂತಸ್ತುಗಳು ಇಲ್ಲಿ ಒಂದೊಂದು ಬೀದಿಯಲ್ಲಿಯೂ ಕಾಣುತ್ತವೆ. ೧೮೦೯ರಲ್ಲಿ ಬ್ರಿಟಿಷರು ತಮ್ಮ ದಂಡಿಗಾಗಿ ಕಟ್ಟಿಕೊಂಡ ಈ ಊರು, ಪೇಟೆಯಿಂದ ಬೇರೆಯಾಗಿಯೇ ಬೆಳೆಯಿತು. ೧೯೪೭ರಲ್ಲಿ ಅದು ಮೈಸೂರು ಸಂಸ್ಥಾನಕ್ಕೆ ಮರಳಿತು. ೧೯೪೯ರಲ್ಲಿ ಎರಡೂ ಊರುಗಳ ಪೌರಾಡಳಿತ ಒಂದಾಯಿತು. ದಂಡಿನ ಹಿಂದೆ ಬಂದವರು ತಮಿಳರು, ದಖನಿ ಉರ್ದು ಆಡುವ ಮುಸಲ್ಮಾನರು, ಮನೆಯಲ್ಲಿ ಇಂಗ್ಲಿಷನ್ನೇ ಆಡುವ ಆಂಗ್ಲೋ-ಇಂಡಿಯನ್ನರು. ಹಲಸೂರಿನಂಥ ಹಳೆಯ ಊರುಗಳಲ್ಲಿ ಕನ್ನಡ ಮೊದಲಿನಿಂದಲೂ ಇತ್ತು.

ಇಂಥ ಊರಿನಲ್ಲಿ ಇಂಗ್ಲಿಷ್ ಓದಿದವರ ಪೈಕಿ ಬಹು ಪ್ರಸಿದ್ಧನಾದವನು ವಿನ್‌ಸ್ಟನ್ ಚರ್ಚಿಲ್. ೧೮೯೬ರಲ್ಲಿ ಸೈನ್ಯಾಧಿಕಾರಿಯಾಗಿ ಇಲ್ಲಿಗೆ ಬಂದ ಆ ತರುಣ, ಬಂಗಲೆಯಲ್ಲಿ ಮಧ್ಯಾಹ್ನದ ಬಿಸಿಲು ಇಳಿಯುವವರೆಗೆ ಗಿಬ್ಬನ್, ಮೆಕಾಲೆಯರನ್ನು ಓದಿದನು. ಅವನ ಗದ್ಯಶೈಲಿ ಕುದುರಿದ್ದು ಈ ಊರಿನ ಸೆಕೆಯಲ್ಲಿ. ಅವನಿಗೆ ಬೇಕಾದದ್ದು ಅವನಿಗೆ ದೊರೆಯಿತು; ಕಿಟಕಿ ಮುಚ್ಚಿ ಓದಿದನೆಂದು ನಾವು ಅವನ ಮೇಲೆ ದೂರು ಹೇಳಬೇಕಾಗಿಲ್ಲ. ನನ್ನ ಆಕ್ಷೇಪಣೆಯೇನೆಂದರೆ, ಇಂದು ಶಿವಾಜಿನಗರದ ಹುಡುಗಿಯೂ ಕೆ.ಆರ್. ಪುರದ ಹುಡುಗನೂ ಅದೇ ಕಿಟಕಿಯನ್ನು ಮುಚ್ಚಿಕೊಂಡು ಓದಬೇಕೆಂದು ನಾವು ಬಯಸುತ್ತಿದ್ದೇವಲ್ಲ, ಅದು ಏತಕ್ಕೆ?

ಅನುಕೂಲಗಳಿಗೆ ಇಂದು ಕೊರತೆಯಿಲ್ಲ. ಎಂ.ಎ. ತರಗತಿಗಳು ಕಂಟೋನ್ಮೆಂಟಿನ ಕಾಲೇಜುಗಳಲ್ಲಿಯೇ ನಡೆಯುತ್ತವೆ. ೨೦೨೩ರಿಂದ ಕೆ.ಆರ್. ಪುರದಲ್ಲಿ ಮೆಟ್ರೋ ಹತ್ತಿದವನು ಇಂದಿರಾನಗರ, ಹಲಸೂರು, ಮಹಾತ್ಮಾ ಗಾಂಧಿ ರಸ್ತೆಗಳನ್ನು ದಾಟಿ, ಕಬ್ಬನ್ ಪಾರ್ಕಿನ ಕೆಳಗೆ ಹಾದು, ಗಾಡಿ ಬದಲಿಸದೆ ಸೆಂಟ್ರಲ್ ಕಾಲೇಜಿನ ಬಾಗಿಲಲ್ಲಿ ಇಳಿಯಬಹುದು. ಹಿಂದೆ ಎರಡು ಊರುಗಳ ನಡುವಣ ಎಲ್ಲೆಯಂತಿದ್ದ ಆ ಪಾರ್ಕನ್ನು ದಾಟಲು ಕೆಲವು ನಿಮಿಷ ಸಾಕು. ಓದಿನಲ್ಲಿ ಆ ಎಲ್ಲೆ ಮಾತ್ರ ಇನ್ನೂ ಅಳಿದಿಲ್ಲ.

ಒಂದು ಉದಾಹರಣೆಯಿಂದ ಇದನ್ನು ಸ್ಪಷ್ಟಪಡಿಸಬಹುದು. ಹಲಸೂರಿನ ತಮಿಳು ಮನೆಯ ವಿದ್ಯಾರ್ಥಿಯೊಬ್ಬ, ಅಲೆಗ್ಸಾಂಡರ್ ಪೋಪ್ ಕವಿಯನ್ನು ಕುರಿತು ಬರೆದ ಪ್ರಬಂಧವನ್ನು ನನಗೆ ತೋರಿಸಲು ತಂದಿದ್ದ. ಪೋಪನ ದ್ವಿಪದಿ ‘ನಯಗೊಂಡದ್ದು’, ‘ಸಮತೂಕದ್ದು’, ‘ಸೂಕ್ತಿಯಂಥದ್ದು’ ಎಂದು ಅದರಲ್ಲಿ ಬರೆದಿತ್ತು. ಯಾವುದರ ಮುಂದೆ ಇಟ್ಟು ನೋಡಿದರೆ ನಯ? ಯಾವುದಕ್ಕಿಂತ ಸಮತೂಕ? ಎಂದು ಕೇಳಿದೆ. ಉತ್ತರವಿರಲಿಲ್ಲ, ಆ ಮಾತುಗಳು ಯಾವುದೋ ಪುಸ್ತಕದಿಂದ ಇಳಿದು ಬಂದವು. ಕುರಳ್ ಬರುತ್ತದೆಯೆ ಎಂದು ಕೇಳಿದೆ. ತಾತ ಹೇಳಿಕೊಟ್ಟ ಹತ್ತಾರು ಕುರಳುಗಳು ಅವನಿಗೆ ಬಾಯಿಪಾಠವಾಗಿದ್ದುವು. ಎರಡನ್ನೂ ಒಂದಾದ ಮೇಲೊಂದು ಗಟ್ಟಿಯಾಗಿ ಹೇಳಿಸಿದೆ. ಆಮೇಲೆ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಅವನು ಕೇಳಿಕೊಂಡದ್ದೇನು? ಪೋಪನ ದ್ವಿಪದಿಯಲ್ಲಿ ಎರಡು ಸಾಲೂ ಒಂದೇ ಅಳತೆ. ಸಾಲಿಗೆ ಹತ್ತು ಉಚ್ಚಾರಾಂಶ. ಪ್ರಾಸ ಸಾಲಿನ ಕೊನೆಯಲ್ಲಿ. ಆದ್ದರಿಂದ ಅರ್ಥ ತಕ್ಕಡಿಯ ಎರಡು ತಟ್ಟೆಗಳಂತೆ ತೂಗಿ ನಿಲ್ಲುತ್ತದೆ. ಪ್ರಾಸ ಬಿದ್ದೊಡನೆ ಪೆಟ್ಟಿಗೆ ಮುಚ್ಚಿದ ಸದ್ದಾಗುತ್ತದೆ. ಕುರಳಿನಲ್ಲಿಯೂ ಎರಡೇ ಸಾಲು. ಆದರೆ ಮೊದಲನೆಯದಕ್ಕೆ ನಾಲ್ಕು ಗಣ, ಎರಡನೆಯದಕ್ಕೆ ಮೂರು. ಆ ಮೂರರಲ್ಲಿ ಕೊನೆಯದು ಮತ್ತಷ್ಟು ಮೊಟಕು. ಪ್ರಾಸವಿದ್ದರೆ ಅದು ಸಾಲಿನ ಆರಂಭದಲ್ಲಿ, ನಮ್ಮ ಹಳೆಯ ಆದಿಪ್ರಾಸದಂತೆಯೇ ಎರಡನೆಯ ಅಕ್ಷರದಲ್ಲಿ. ಎಂದರೆ ಎರಡು ಸಾಲುಗಳು ಒಂದೇ ಹೆಜ್ಜೆಯಿಂದ ಹೊರಡುತ್ತವೆ. ಎರಡನೆಯದು ನಡುದಾರಿಯಲ್ಲೇ ನಿಂತುಬಿಡುತ್ತದೆ. ಮಾತು ತೂಗಿ ನಿಂತಂತೆ ಅಲ್ಲ, ಕತ್ತರಿಸಿದಂತೆ. ಉಳಿದದ್ದನ್ನು ಕೇಳುವವನ ಮೌನ ತುಂಬಬೇಕು.

ಇನ್ನು ನಮ್ಮ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಿಂದ ಸರ್ವಜ್ಞನವರೆಗೆ, ಅಲ್ಲಿಂದ ಬೀಸುವ ಕಲ್ಲಿನ ಹಾಡಿನವರೆಗೆ ಅದು ಹರಿದು ಬಂದಿದೆ. ಅಂಶಗಣದ ಲೆಕ್ಕದಲ್ಲಿ ಅದಕ್ಕೆ ನಾಲ್ಕು, ನಾಲ್ಕು, ಮೂರು. ಕುರಳಿನಂತೆ ಇದರಲ್ಲಿಯೂ ಕೊನೆಯ ಸಾಲೇ ಚಿಕ್ಕದು. ಸರ್ವಜ್ಞನಲ್ಲಂತೂ ಆ ಚಿಕ್ಕ ಸಾಲಿನ ತುದಿಯನ್ನು ಅವನ ಅಂಕಿತ ಹಿಡಿದುಕೊಂಡಿರುವುದರಿಂದ, ಅರ್ಥಕ್ಕೆ ಉಳಿಯುವ ಜಾಗ ಇನ್ನೂ ಕಡಿಮೆ. ಮೊದಲೆರಡು ಸಾಲುಗಳಲ್ಲಿ ನಿರಾಳವಾಗಿ ನಡೆದ ಮಾತು ಮೂರನೆಯದರಲ್ಲಿ ಏಟಿನಂತೆ ಬೀಳುವುದು ಇದರಿಂದಲೇ. ತಮಿಳಿನ ಎರಡು ಸಾಲಿಗೂ ಕನ್ನಡದ ಮೂರು ಸಾಲಿಗೂ ಮುಕ್ತಾಯದಲ್ಲಿ ಇಂಥ ಹೋಲಿಕೆಯಿರುವಾಗ, ಪೋಪನ ಸಮತೂಕ ಅವನ ಸ್ವಂತ ಗುಣವಾಗಿ ನಮಗೆ ಮೊದಲ ಸಲ ಕಾಣತೊಡಗುತ್ತದೆ. ಅವನ ಕಾಲದ ಲಂಡನ್ನಿನಲ್ಲಿ ಬುದ್ಧಿವಂತರು ಒಬ್ಬರಿಗೊಬ್ಬರು ಎದುರು ಕುಳಿತು ಆಡಿದ ಮಾತಿನ ಸಭ್ಯತೆ, ಆ ಸಮ ಅಳತೆಯ ಸಾಲುಗಳಲ್ಲಿದೆ. ವಳ್ಳುವರನದು ಗುರು ಶಿಷ್ಯನಿಗೆ ಹೇಳಿದ ಮಾತು. ಸರ್ವಜ್ಞನದು ಊರ ಜಗುಲಿಯಲ್ಲಿ ನಿಂತು ಆಡಿದ ಮಾತು. ಇಷ್ಟನ್ನು ತಿಳಿದ ಮೇಲೆ ‘ನಯಗೊಂಡದ್ದು’ ಎಂಬ ಮಾತನ್ನು ಆ ವಿದ್ಯಾರ್ಥಿ ಉಳಿಸಿಕೊಂಡರೂ ಚಿಂತೆಯಿಲ್ಲ. ಈಗ ಅದು ಅವನ ಮಾತು.

ಈ ಹೋಲಿಕೆಗೆ ಬೇಕಾದ ಸಾಮಗ್ರಿಯೆಲ್ಲ ನಮ್ಮ ಕಾಲ ಬುಡದಲ್ಲಿದೆ. ಕುರಳನ್ನು ಪ್ರಾಸಬದ್ಧ ಇಂಗ್ಲಿಷ್ ಪದ್ಯಕ್ಕೆ ತಿರುಗಿಸಿ ೧೮೮೬ರಲ್ಲಿ ಪ್ರಕಟಿಸಿದವರು ಇನ್ನೊಬ್ಬ ಪೋಪ್, ಜಿ. ಯು. ಪೋಪ್. ೧೮೭೦ರ ದಶಕದಲ್ಲಿ ಅವರು ಇದೇ ಕಂಟೋನ್ಮೆಂಟಿನ ಬಿಷಪ್ ಕಾಟನ್ ಶಾಲೆಯ ಮುಖ್ಯಸ್ಥರಾಗಿದ್ದರು. ಆಮೇಲೆ ಆಕ್ಸ್‌ಫರ್ಡಿನಲ್ಲಿ ತಮಿಳು ಕಲಿಸಿದರು. ಎರಡು ಪೋಪರ ನಡುವೆ ನಿಂತು, ಇಂಗ್ಲಿಷ್ ದ್ವಿಪದಿ ಕುರಳನ್ನು ಎಷ್ಟು ಹಿಡಿಯಿತು, ಎಷ್ಟು ಬಿಟ್ಟಿತು ಎಂದು ನೋಡುವುದಕ್ಕಿಂತ ಒಳ್ಳೆಯ ಎಂ.ಎ. ಪ್ರಬಂಧ ಯಾವುದಿದ್ದೀತು? ಹಲಸೂರು ಕೆರೆಯ ಬಳಿ ತಿರುವಳ್ಳುವರ್ ಪ್ರತಿಮೆಯೂ ನಿಂತಿದೆ. ಅದು ಹದಿನೆಂಟು ವರ್ಷ ಮುಸುಕು ಹೊದ್ದು ನಿಂತಿದ್ದುದನ್ನು ಹಳಬರೆಲ್ಲ ಬಲ್ಲರು. ೨೦೦೯ರ ಆಗಸ್ಟ್ ೯ರಂದು ಮುಸುಕು ತೆಗೆದರು; ನಾಲ್ಕು ದಿನದ ಮೇಲೆ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣವಾಯಿತು. ಕವಿಗಳ ಪ್ರತಿಮೆಗಳನ್ನು ಎರಡು ಸರ್ಕಾರಗಳು ಅದಲುಬದಲು ಮಾಡಿಕೊಂಡವು. ಅವರ ಪದ್ಯಗಳನ್ನು ಅಕ್ಕಪಕ್ಕದಲ್ಲಿಟ್ಟು ಓದುವ ಕೆಲಸ ಸರ್ಕಾರದ್ದಲ್ಲ, ಸಾಹಿತ್ಯದ ವಿದ್ಯಾರ್ಥಿಯದು.

ಶಿವಾಜಿನಗರದ ಉರ್ದು ಮನೆಗಳ ಮಕ್ಕಳಿಗೂ ಇಂಥದೇ ಒಂದು ಆಸ್ತಿಯುಂಟು. ಬಿಜಾಪುರದ ಆದಿಲಶಾಹಿ ಆಸ್ಥಾನದಲ್ಲಿ ನುಸ್ರತಿ ಕವಿ ‘ಗುಲ್ಶನ್-ಎ-ಇಷ್ಕ್’ ಎಂಬ ದೀರ್ಘ ಪ್ರೇಮಕಾವ್ಯವನ್ನು ಬರೆದದ್ದು ೧೬೫೭-೫೮ರಲ್ಲಿ. ಮಿಲ್ಟನ್ನನ ‘ಪ್ಯಾರಡೈಸ್ ಲಾಸ್ಟ್’ ಅಚ್ಚಾದದ್ದು ೧೬೬೭ರಲ್ಲಿ. ನುಸ್ರತಿ ಬರೆದದ್ದು ದಖನಿಯಲ್ಲಿ; ರಸೆಲ್ ಮಾರ್ಕೆಟ್ಟಿನ ಸುತ್ತ ಇಂದು ಕೇಳಿಬರುವ ಮಾತಿನ ಹಿರಿಯರ ಭಾಷೆಯದು. ಆದರೆ ಅಲ್ಲಿಂದ ಬರುವ ವಿದ್ಯಾರ್ಥಿನಿಗೆ ತನ್ನ ಮನೆಯ ಮಾತು ಕೆಟ್ಟ ಉರ್ದು ಎಂದು ಉರ್ದು ಪಂಡಿತರು ಹೇಳಿಕೊಟ್ಟಿರುತ್ತಾರೆ. ಅದು ಇಲ್ಲಿಗೆ ಸಂಬಂಧಪಡದ್ದೆಂದು ಇಂಗ್ಲಿಷ್ ತರಗತಿ ಹೇಳಿಕೊಟ್ಟಿರುತ್ತದೆ. ಮಿಲ್ಟನ್ ಲ್ಯಾಟಿನ್ನಿನ ಭಾರವನ್ನು ಇಂಗ್ಲಿಷಿನ ಮೇಲೆ ಹೇರಿದನೆಂದು ಅವಳು ಬರೆಯುತ್ತಾಳೆ. ಪಾರಸಿಯ ಭಾರವನ್ನು ದಖನಿ ಹೇಗೆ ಹೊತ್ತಿತು ಎಂಬುದನ್ನು ಕಂಡಿದ್ದರೆ, ಆ ವಾಕ್ಯದ ತೂಕ ಅವಳಿಗೆ ಗೊತ್ತಾಗುತ್ತಿತ್ತು.

ಇಲ್ಲಿ ಕೆಲವು ಆಕ್ಷೇಪಣೆಗಳು ಬರಬಹುದು. ಇಂಗ್ಲಿಷ್ ಈ ಊರಿಗೆ ಪರಕೀಯವೆಂದು ನಾನು ಹೇಳುತ್ತಿರುವೆನೆಂದು ಯಾರೂ ತಿಳಿಯಬಾರದು. ಕಂಟೋನ್ಮೆಂಟಿನಲ್ಲಿ ಅದು ಎಷ್ಟೋ ಮಂದಿಯ ಮನೆಮಾತು. ಅಂಥವರ ಕಿವಿಗೂ ಬೆಲೆಯುಂಟು. ಅವರ ಅಜ್ಜಿಯ ಇಂಗ್ಲಿಷು ಲಂಡನ್ನಿನ ಇಂಗ್ಲಿಷಲ್ಲ, ಅದರ ಲಯವೇ ಬೇರೆ. ತರಗತಿ ಅದನ್ನೂ ಹೊರಗೇ ನಿಲ್ಲಿಸಿದೆ.

ಎರಡನೆಯದಾಗಿ, ಹೋಲಿಸಿ ನೋಡುವುದೆಂದರೆ ‘ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವುದಲ್ಲ. ಆ ರೋಗ ನಮ್ಮ ವಿಮರ್ಶೆಗೆ ಹಳೆಯದು. ವಳ್ಳುವರನಿಂದ ಪೋಪನನ್ನು ಸೋಲಿಸುವುದರಲ್ಲಿ ಯಾರಿಗೂ ಲಾಭವಿಲ್ಲ. ಎರಡು ಕವಿತೆಗಳನ್ನು ಎದುರು ಬದುರು ಇಡುವುದು ಎರಡೂ ಚೆನ್ನಾಗಿ ಕೇಳಿಸಲಿ ಎಂದು, ಒಂದು ಇನ್ನೊಂದರ ಬಾಯಿ ಮುಚ್ಚಿಸಲಿ ಎಂದಲ್ಲ.

ಮೂರನೆಯದಾಗಿ, ಪಾಠಪಟ್ಟಿ ಈಗಾಗಲೇ ಬದಲಾಗಿದೆಯಲ್ಲ ಎಂದು ಕೇಳಬಹುದು. ನಿಜ. ಸಿ. ಡಿ. ನರಸಿಂಹಯ್ಯನವರಂಥವರು ಮೈಸೂರಿನಲ್ಲಿ ಹೋರಾಡಿ ಭಾರತೀಯ ಬರಹಕ್ಕೆ ಇಂಗ್ಲಿಷ್ ವಿಭಾಗದ ಬಾಗಿಲು ತೆರೆದರು. ಇಂದು ಅನುವಾದಿತ ಭಾರತೀಯ ಸಾಹಿತ್ಯ ಎಂ.ಎ.ಗೆ ಹೊಸತಲ್ಲ. ಆದರೆ ಅದನ್ನು ಓದುವ ಕ್ರಮವನ್ನು ನೋಡಿ. ‘ಸಂಸ್ಕಾರ’ ೧೯೬೫ರಲ್ಲಿ ಬಂದ ಕನ್ನಡ ಕಾದಂಬರಿ. ರಾಮಾನುಜನ್ನರ ಇಂಗ್ಲಿಷ್ ಅನುವಾದ ಬಂದದ್ದು ೧೯೭೬ರಲ್ಲಿ. ಕನ್ನಡ ಬಲ್ಲ ವಿದ್ಯಾರ್ಥಿಯೂ ಅದನ್ನು ಇಂಗ್ಲಿಷಿನಲ್ಲಿಯೇ ಓದಿ, ಮೂಲವನ್ನು ತೆರೆಯದೆ, ಪ್ರಾಣೇಶಾಚಾರ್ಯರ ದ್ವಂದ್ವವನ್ನು ಕುರಿತು ಹದಿನೈದು ಅಂಕದ ಉತ್ತರ ಬರೆ‍ಯುತ್ತಾನೆ. ಅನುವಾದಕನ ಕೈ ಎಲ್ಲಿ ಕೆಲಸ ಮಾಡಿತು, ಕನ್ನಡದ ಯಾವ ಮಾತು ಇಂಗ್ಲಿಷಿಗೆ ಬರಲು ಒಪ್ಪಲಿಲ್ಲ ಎಂಬುದನ್ನು ಅವನು ಮಾತ್ರ ಹೇಳಬಲ್ಲ. ಅವನನ್ನು ಯಾರೂ ಕೇಳುವುದಿಲ್ಲ. ಪಠ್ಯ ನಮ್ಮದಾಯಿತು, ಕಿಟಕಿ ಮಾತ್ರ ಮುಚ್ಚಿಯೇ ಇದೆ.

ಇನ್ನು ಹೊಟ್ಟೆಪಾಡಿನ ಮಾತು. ಎಂ.ಎ. ಓದುವವರು ಉದ್ಯೋಗಕ್ಕಾಗಿ ಓದುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂದು ಸಿದ್ಧಮಾದರಿಯ ಪ್ರಬಂಧವನ್ನು ಗಣಕಯಂತ್ರವೇ ಕ್ಷಣದಲ್ಲಿ ಬರೆದುಕೊಡುತ್ತದೆ. ಪೋಪ್ ನಯಗೊಂಡ ಕವಿಯೆಂದು ಅದೂ ಹೇಳುತ್ತದೆ, ವ್ಯಾಕರಣ ದೋಷವಿಲ್ಲದೆ ಹೇಳುತ್ತದೆ. ಎರವಲು ಅಭಿಪ್ರಾಯವನ್ನು ಒಪ್ಪವಾಗಿ ಬರೆಯುವ ಕಲೆಗೆ ಮುಂದೆ ಸಂಬಳ ಸಿಗಲಾರದು. ತಾನೇ ಕೇಳಿ, ತಾನೇ ತೂಗಿ, ಕಾರಣ ಕೊಟ್ಟು ಹೇಳಬಲ್ಲವನಿಗೆ ಎಲ್ಲಾದರೂ ಕೆಲಸವಿದ್ದೀತು. ಆದುದರಿಂದ ಹೊಟ್ಟೆಪಾಡಿನ ವಾದವೂ ನನ್ನ ಕಡೆಗೇ ವಾಲುತ್ತದೆಂದು ತೋರುತ್ತದೆ.

ನನ್ನ ಸಲಹೆ ದೊಡ್ಡದೇನೂ ಅಲ್ಲ. ಎಂ.ಎ.ಯ ಎರಡನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯ ಅಥವಾ ಬೀದಿಯ ಭಾಷೆಯಿಂದ ಇಪ್ಪತ್ತು ಪುಟದಷ್ಟನ್ನು ಇಂಗ್ಲಿಷಿಗೆ, ಇಲ್ಲವೆ ಇಂಗ್ಲಿಷಿನಿಂದ ಆ ಭಾಷೆಗೆ ತರಲಿ. ಏನು ಬಂದಿತು, ಏನು ಬರಲಿಲ್ಲ, ಏತಕ್ಕೆ ಎಂದು ಹತ್ತು ಪುಟ ಬರೆಯಲಿ. ಕನ್ನಡ, ತಮಿಳು, ತೆಲುಗು, ದಖನಿ, ಕೊಂಕಣಿ ಯಾವುದಾದರೂ ಆಗಬಹುದು. ಅಧ್ಯಾಪಕರಿಗೆ ಇಷ್ಟೆಲ್ಲ ಭಾಷೆ ಬರುವುದಿಲ್ಲವೆಂದರೆ, ಆ ಭಾಷೆಯನ್ನು ಬಲ್ಲ ಒಬ್ಬರನ್ನು ಪರೀಕ್ಷೆಗೆ ಕರೆಯಲಿ. ಬೆಂಗಳೂರಿನಲ್ಲಿ ಅಂಥವರು ದುರ್ಲಭರಲ್ಲ. ಎರಡು ಭಾಷೆಗಳ ನಡುವೆ ಒಂದು ಸಾಲನ್ನು ಹಿಡಿದುಕೊಂಡು ಒಂದು ರಾತ್ರಿ ಹೆಣಗಾಡಿದವನಿಗೆ, ಶೈಲಿ ಎಂದರೇನೆಂಬುದನ್ನು ಮತ್ತೆ ಯಾರೂ ಉಪನ್ಯಾಸ ಮಾಡಿ ಹೇಳಬೇಕಾಗಿಲ್ಲ. ಶ್ರೀಯವರ ಎಂ.ಎ. ಮುಗಿದದ್ದು ಮದರಾಸಿನ ಪರೀಕ್ಷೆಯಲ್ಲಲ್ಲ, ಅಂಥ ಹೆಣಗಾಟದಲ್ಲಿ.

ಸಾಹಿತ್ಯದ ಮೇಲಿನ ಪ್ರೀತಿ ಅಧ್ಯಯನದಿಂದ ಸಾಯುವುದಿಲ್ಲ. ತನ್ನದಲ್ಲದ ಕಿವಿಯಿಂದ ಕೇಳಿ, ತನ್ನದಲ್ಲದ ಮೆಚ್ಚುಗೆಯನ್ನು ಎರಡು ವರ್ಷ ಬರೆದರೆ ಮಾತ್ರ ಅದು ಸಾಯುತ್ತದೆ. ನಮ್ಮ ಪೂರ್ವದ ಬೀದಿಗಳಿಂದ ಇಂಗ್ಲಿಷ್ ಓದಲು ಹೊರಡುವ ಮಕ್ಕಳು ಬರಿಗೈಯಲ್ಲಿ ಹೊರಡುವುದಿಲ್ಲ. ಮೂರು ನಾಲ್ಕು ಭಾಷೆಗಳು ಅವರ ಜೊತೆಯಲ್ಲಿವೆ. ಆಕ್ಸ್‌ಫರ್ಡಿನ ವಿದ್ಯಾರ್ಥಿಗೂ ಸುಲಭವಾಗಿ ದೊರೆಯದ ಈ ಬಂಡವಾಳವನ್ನು ಬಾಗಿಲಲ್ಲಿಯೇ ಇಳಿಸಿಟ್ಟು ಒಳಕ್ಕೆ ಬಾ ಎನ್ನುವುದನ್ನು ನಾವು ನಿಲ್ಲಿಸಿದರೆ ಸಾಕು. ಮಿಕ್ಕ ದಾರಿಯನ್ನು ಅವರೇ ನಡೆದುಕೊಳ್ಳುತ್ತಾರೆ.